ಎಡ್ನಾ ಹಿತ್ತಲಿನ ಅಮಾವಾಸ್ಯೆ

ತಿಪಟೂರು

ಅಮಾವಾಸ್ಯೆ ನೋಡಿಕೊಂಡು ಪರದೇಶಕ್ಕೆ ಹೊರಟವರು ನಮ್ಮ ತಾಲ್ಲೂಕಿನಲ್ಲಿ ನಮಗಿಂತ ಮುಂಚೆ ಯಾರೂ ಇರಲಾರರು. ನಮ್ಮ ಮನೆಯವರು ಪಂಚಾಂಗ ಮುಂದಿಟ್ಟುಕೊಂಡು ಕೂತಿದ್ದನ್ನು ಕಂಡು ನಮ್ಮತ್ತೆಗೆ ಮೊದಲು ಸಂತೋಷವೇ ಆಗಿತ್ತು. ಮಗನಿಗೆ ಕೊನೆಗೂ ಬುದ್ಧಿ ಬಂತು, ಒಳ್ಳೆಯ ದಿನ ಹುಡುಕುತ್ತಿದ್ದಾನೆ ಎಂದುಕೊಂಡರು. ಹುಡುಕುತ್ತಿದ್ದದ್ದು ಅಮಾವಾಸ್ಯೆಯನ್ನು ಎಂದು ಗೊತ್ತಾದ ಮೇಲೆ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ನನ್ನನ್ನು ಹಿಡಿದರು.

“ಅವನಿಗಂತೂ ತಲೆ ಇಲ್ಲ, ನಿಂಗೂ ಇಲ್ವೇನೇ ಗಿರ್ಜಾ? ಅಮಾಸೆ ಮುಂದಿಟ್ಕಂಡು ಇಲ್ಲೇ ಪಕ್ಕದ ಸಂಪಿಗೆ ಊರಿಗೂ ಯಾರೂ ಹೊರಡಾಕಿಲ್ಲ. ನೀವು ಸಮುದ್ರ ದಾಟ್ತೀವಿ ಅಂತೀರಲ್ಲ!”

“ಚಂದ್ರ ಇದ್ರೆ ಆಕಾಶ ಬೆಳ್ಳಗಾಗ್ಬುಡುತ್ತೆ ಕಣತ್ತೆ. ಫೋಟೋ ಬರಲ್ಲ.”

“ಅಷ್ಟು ದೂರ ಹೋಗಿ ತೆಗೆಯೋ ಫೋಟೋ ಯಾರ್ದು?”

“ಮೋಡದ್ದು.”

ನಮ್ಮತ್ತೆ ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ನಮ್ಮೂರಾಗೆ ಬರ ಬಂದೈತಾ ಮೋಡಕ್ಕೆ?” ಎಂದು ಒಳಗೆ ಹೋದರು.

ಅವರ ಮಗನಿಗೆ ತಿಪಟೂರಿನ ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಮುಂದೆಲ್ಲ ಅವರನ್ನು ‘ಇವರು’ ಎಂದೇ ಬರೆಯುತ್ತೇನೆ. ಹೆಸರು ಬರೆದರೆ ನನಗೇ ಬೇರೆ ಯಾರೋ ಅನ್ನಿಸುತ್ತದೆ. ಹಗಲೆಲ್ಲ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಕತ್ತಲಾದರೆ ದೂರದರ್ಶಕ. ಹಡಗಿನ ಕಿಟಕಿಯ ದಪ್ಪ ಗಾಜೊಂದನ್ನು ಬೊಂಬಾಯಿಯ ಗುಜರಿಯಿಂದ ತರಿಸಿ, ಎರಡು ವರ್ಷ ಕೂತು ಉಜ್ಜಿ ಕನ್ನಡಿ ಮಾಡಿದರು. ಡಬ್ಬ ಮಾಡುವ ಸಾಬರಿಂದ ತಗಡಿನ ಕೊಳವೆ ಮಾಡಿಸಿ, ಕೊಬ್ಬರಿ ಅಟ್ಟದ ಪಕ್ಕದ ತಾರಸಿಯ ಮೇಲೆ ನಿಲ್ಲಿಸಿದರು. ಅದಕ್ಕೆ ಕ್ಯಾಮೆರಾ ಕಟ್ಟಿ ನೀಹಾರಿಕೆಗಳ ಫೋಟೋ ತೆಗೆಯುವುದು ಇವರ ಹುಚ್ಚು. ನೀಹಾರಿಕೆ ಎಂದರೆ ನಕ್ಷತ್ರಗಳ ನಡುವೆ ಹರಡಿರುವ ಅನಿಲದ ಮೋಡ. ಬರಿಗಣ್ಣಿಗೆ ಕಂಡರೆ ಒಂದು ಚೂರು ಮಬ್ಬು. ಫಿಲಮ್ಮಿಗೆ ಅರ್ಧ ಗಂಟೆ, ಒಂದು ಗಂಟೆ ಬೆಳಕು ಉಣ್ಣಿಸಿದರೆ ಅದರ ಸೆರಗು, ನೆರಿಗೆ ಎಲ್ಲ ಬಿಚ್ಚಿಕೊಳ್ಳುತ್ತದೆ.

ತೊಂದರೆ ಏನೆಂದರೆ, ಭೂಮಿ ಅಷ್ಟು ಹೊತ್ತು ನಿಂತುಕೊಳ್ಳುವುದಿಲ್ಲ. ಅದು ತಿರುಗಿದ ಹಾಗೆ ಕೊಳವೆಯನ್ನೂ ತಿರುಗಿಸುತ್ತಾ ಹೋಗಬೇಕು. ದೊಡ್ಡ ಕೊಳವೆಯ ಬೆನ್ನಿಗೆ ಒಂದು ಚಿಕ್ಕ ಕೊಳವೆ ಕಟ್ಟಿರುತ್ತಾರೆ. ಅದರೊಳಗೆ ಕೂದಲಿಗಿಂತ ಸಣ್ಣ ಎರಡು ಎಳೆ ಅಡ್ಡಡ್ಡ. ಎಳೆ ಕೂಡುವ ಕಡೆ ಒಂದು ನಕ್ಷತ್ರವನ್ನು ಕೂರಿಸಿ, ಅದು ಅಲುಗದ ಹಾಗೆ ಕೈಯಿಂದ ಚಕ್ರ ತಿರುಗಿಸುತ್ತಿರಬೇಕು. ತಪ್ಪಿದರೆ ಫೋಟೋದಲ್ಲಿ ನಕ್ಷತ್ರಗಳು ಜೀರಿಗೆ ಕಾಳಿನಂತೆ ಉದ್ದವಾಗುತ್ತವೆ. ಇವರಿಗೆ ಅದು ಬರುತ್ತಿರಲಿಲ್ಲ. ಐದು ನಿಮಿಷಕ್ಕೆ ಸೀನು, ಹತ್ತು ನಿಮಿಷಕ್ಕೆ ಬೆನ್ನು ಕಡಿತ. ನಾನು ಮನೆಯಲ್ಲಿ ರವಿಕೆ ಹೊಲಿಯುವವಳು, ಕಾಜಾ ಹಾಕಿ ಹಾಕಿ ಕಣ್ಣಿಗೂ ಬೆರಳಿಗೂ ಒಂದು ಜಾಗದಲ್ಲಿ ನಿಲ್ಲುವ ಅಭ್ಯಾಸ. “ಒಂಚೂರು ಹಿಡ್ಕ ಕಣೇ” ಎಂದು ಒಂದು ದಿನ ಕೊಟ್ಟ ಚಕ್ರ ನನ್ನ ಕೈಯಲ್ಲೇ ಉಳಿಯಿತು.

ಹಾಗೆ ತೆಗೆದ ಒಂದು ನೀಹಾರಿಕೆಯ ಚಿತ್ರವನ್ನು ಇವರು ಪರದೇಶದ ಹವ್ಯಾಸಿಗಳ ಪತ್ರಿಕೆಯೊಂದಕ್ಕೆ ಕಳಿಸಿದರು. ಅಂಚೆಚೀಟಿಯಷ್ಟು ಚಿಕ್ಕದಾಗಿ ಅಚ್ಚಾಯಿತು. ಕೆಳಗೆ ಇವರ ಹೆಸರು ಮಾತ್ರ ಇತ್ತು. ನಾನೇನೂ ಅನ್ನಲಿಲ್ಲ, ಆ ವಾರ ಉಪ್ಪಿಟ್ಟಿಗೆ ಉಪ್ಪು ಒಂದಿಷ್ಟು ಹೆಚ್ಚಾಗಿದ್ದರೆ ಅದು ಬೇರೆ ವಿಚಾರ. ಎರಡು ತಿಂಗಳಿಗೆ ಆಸ್ಟ್ರೇಲಿಯಾದಿಂದ ಕಾಗದ ಬಂತು. ಬರೆದವರು ಎಡ್ನಾ ಎಂಬ ವಯಸ್ಸಾದ ಹೆಂಗಸು. ಇವರು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಲು ಶುರುಮಾಡಿದರು. “ನಿಮ್ಮ ಚಿತ್ರ ಸುಮಾರಾಗಿದೆ. ಆದರೆ ನಕ್ಷತ್ರಗಳು ತುಂಬಾ ದುಂಡಗಿವೆ...” ಅಲ್ಲಿಂದಾಚೆ ದನಿ ಇಳಿಯಿತು.

“ಮುಂದೆ ಏನ್ ಬರದವ್ರೆ ಹೇಳ್ರೀ.”

“ಚಕ್ರ ತಿರುಗಿಸಿದ್ದು ಯಾರು ಅಂತ ಕೇಳವ್ರೆ ಕಣೇ.”

ಇವರು ನಿಜವನ್ನೇ ಬರೆದರು. ಆಮೇಲೆ ಒಂದು ವರ್ಷ ಕಾಗದ ಹೋಗುತ್ತಾ ಬರುತ್ತಾ ಇತ್ತು. ಕೊನೆಗೆ ಎಡ್ನಾ, “ಇಬ್ಬರೂ ಬನ್ನಿ, ಮುಖ್ಯವಾಗಿ ಚಕ್ರ ತಿರುಗಿಸುವವರು” ಎಂದು ಬರೆದರು. ತೆಂಕಣ ಆಕಾಶದಲ್ಲಿ ಕ್ಯಾರಿನಾ ಎಂಬ ದೊಡ್ಡ ನೀಹಾರಿಕೆ ಇದೆ. ನಮ್ಮೂರಿನಿಂದ ಅದು ತೀರಾ ಕೆಳಗೆ, ತೆಂಗಿನ ತಲೆಗಳ ಸಂದಿಯಲ್ಲಿ ಇಣುಕಿ ಹೋಗುತ್ತದೆ. ನಾವು ತೆಗೆದಾಗೆಲ್ಲ ಗರಿಗಳ ಫೋಟೋ ಚೆನ್ನಾಗಿ ಬಂದಿತ್ತು. ಎಡ್ನಾ ಹಿತ್ತಲಿನಲ್ಲಿ ಅದು ನೆತ್ತಿಯ ಹತ್ತಿರ ಬರುತ್ತದಂತೆ. ಹೋಗಲು ಹಣ ಹೇಗೆ ಹೊಂದಿಸಿದೆವೆಂದು ಇಲ್ಲಿ ಬರೆಯುವುದಿಲ್ಲ; ನಮ್ಮತ್ತೆ ಇದನ್ನು ಯಾರಿಂದಲಾದರೂ ಓದಿಸಿಕೊಂಡು ಕೇಳುತ್ತಾರೆ. ಮಕ್ಕಳಿಬ್ಬರನ್ನು ಅವರಿಗೆ ಒಪ್ಪಿಸಿ ಹೊರಟೆವು.

ಸಿಂಗಪುರ ದಾಟಿದ ಮೇಲೆ

ಸಿಂಗಪುರದಲ್ಲಿ ಹತ್ತಿದ ವಿಮಾನದಲ್ಲಿ ಬಲಗಡೆ ಕಿಟಕಿ ಸಿಕ್ಕಿತು. ಇವರು ಕೂತಲ್ಲಿಂದಲೇ ಮಿಸುಕಾಡತೊಡಗಿದರು. ಒಳಗೆ ದೀಪ ಉರಿಯುತ್ತಿದ್ದರಿಂದ ಕಿಟಕಿಯಲ್ಲಿ ನಮ್ಮ ಮುಖವೇ ಕಾಣುತ್ತಿತ್ತು. ನಕ್ಷತ್ರ ಕಾಣಬೇಕಾದರೆ ಕತ್ತಲು ಬೇಕು. ಸರಿ, ಕೊಟ್ಟಿದ್ದ ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಹೊದ್ದು ಕಿಟಕಿಗೆ ಮುಖ ಒತ್ತಿಕೊಂಡೆವು.

ಅಬ್ಬಾ! ನಮ್ಮೂರಲ್ಲಿ ದಿಗಂತದ ಮೇಲೆ ತೂಗಾಡುವ ತ್ರಿಶಂಕು ನಕ್ಷತ್ರಪುಂಜ ಎಷ್ಟೋ ಎತ್ತರಕ್ಕೆ ಏರಿ ನಿಂತಿತ್ತು. ಇವರಿಗೆ ಖುಷಿ ತಡೆಯಲಿಲ್ಲ. “ನೋಡೇ, ಅಲ್ನೋಡೇ, ಇನ್ನೂ ಸ್ವಲ್ಪ ಈ ಕಡೆ ಬಾರೇ” ಎಂದು ಕಂಬಳಿಯೊಳಗೆ ಪಿಸುಗುಟ್ಟುತ್ತಿದ್ದರು. ನನಗೆ ನಗು. ಕಂಬಳಿ ಕುಲುಕುತ್ತಿತ್ತು.

ಯಾರೋ ಮೆಲ್ಲಗೆ ಕೆಮ್ಮಿದರು. ತಲೆ ಹೊರಗೆ ಹಾಕಿದರೆ ಗಗನಸಖಿ. ಹೊಸದಾಗಿ ಮದುವೆಯಾದವರೇ ಎಂದು ಮುಗುಳ್ನಗುತ್ತಾ ಕೇಳಿದಳು. ನನ್ನ ಕೂದಲು ಕೆದರಿತ್ತು, ಕುಂಕುಮ ಇವರ ಭುಜಕ್ಕೆ ಹತ್ತಿತ್ತು. ಹದಿನೇಳು ವರ್ಷದ ಸಂಸಾರ ಎಂದು ಹೇಳಲು ನನಗೆ ಇಂಗ್ಲಿಷು ಒದಗಲಿಲ್ಲ. ಇಂಗ್ಲಿಷು ಬರುವ ಇವರು ಸುಮ್ಮನೆ ತಲೆಯಾಡಿಸಿಬಿಟ್ಟರು! ಸ್ವಲ್ಪ ಹೊತ್ತಿಗೆ ಮೇಲೆ ಹಣ್ಣಿಟ್ಟ ಒಂದು ಕೇಕು ಬಂತು. ಸುತ್ತಲಿನ ನಾಲ್ಕು ಜನ ಚಪ್ಪಾಳೆ ತಟ್ಟಿದರು.

“ಏನ್ರೀ ಇದು ಅನ್ಯಾಯ?” ಎಂದೆ.

“ಸುಮ್ನೆ ತಿನ್ನೇ. ನಕ್ಷತ್ರ ನೋಡ್ತಿದ್ವಿ ಅಂದ್ರೆ ಯಾರಾದ್ರೂ ನಂಬ್ತಾರಾ?”

ಸಿಡ್ನಿಯಿಂದ ಒಳನಾಡಿಗೆ

ಸಿಡ್ನಿಯಿಂದ ಪಶ್ಚಿಮಕ್ಕೆ ಹಗಲಿಡೀ ರೈಲು. ಆ ಡಬ್ಬಿಯಲ್ಲಿ ನಮ್ಮನ್ನು ಬಿಟ್ಟರೆ ಮೂರೇ ಜನ. ತಿಪಟೂರಿನಿಂದ ಅರಸೀಕೆರೆಗೆ ಹೋಗುವಷ್ಟರಲ್ಲಿ ನಮ್ಮಲ್ಲಿ ಎದುರಿಗೆ ಕೂತವರ ಊರು, ಮನೆತನ, ಮಕ್ಕಳೆಷ್ಟು, ಮಂಡಿನೋವಿಗೆ ಯಾವ ಎಣ್ಣೆ, ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಎದುರಿಗೆ ಕೂತ ಮುದುಕ ನಾಲ್ಕು ಗಂಟೆ ಪೇಪರು ಓದಿದ. ನಾನು ಹಸಿರು ಸೀರೆಯುಟ್ಟು, ಮೇಲೆ ಇವರ ಸ್ವೆಟರು ಹಾಕಿ, ತಲೆಗೆ ಮಫ್ಲರು ಸುತ್ತಿ ಕೂತಿದ್ದೇನೆ, ಇವಳ್ಯಾರು ಎಂದು ತಿಳಿಯುವ ಆಸೆ ಆ ಮನುಷ್ಯನಿಗೆ ಬೇಡವೇ! ಕೊನೆಗೆ ನನಗೇ ತಡೆಯಲಾಗಲಿಲ್ಲ. ಎದೆಯ ಮೇಲೆ ಕೈಯಿಟ್ಟು, “ಮೈ ನೇಮ್ ಗಿರಿಜಾ. ಟಿಪ್ಟೂರ್. ಟೂ ಚಿಲ್ಡ್ರನ್” ಎಂದುಬಿಟ್ಟೆ. ಆತ ಪೇಪರು ಮಡಿಸಿದ. ಆಮೇಲೆ ನೋಡಿ, ಇಳಿಯುವ ತನಕ ಮಾತು ನಿಲ್ಲಿಸಲಿಲ್ಲ. ಏಳು ಮೊಮ್ಮಕ್ಕಳಂತೆ, ಸೊಂಟದಲ್ಲಿ ಸ್ಟೀಲಿನ ಕೀಲು ಹಾಕಿದ್ದಾರಂತೆ. ಯಾರೂ ಕೇಳದೆ ಎಲ್ಲವೂ ಒಳಗೇ ಕಟ್ಟಿಕೊಂಡಿತ್ತು ಪಾಪ.

ಎಡ್ನಾ ಸ್ಟೇಷನ್ನಿಗೆ ಬಂದಿದ್ದರು. ಎತ್ತರದ ಆಳು, ಗಂಡಸರ ಟೋಪಿ, ಅರವತ್ತೆಂಟು ವಯಸ್ಸು. ಆ ಚಿಕ್ಕ ಊರಿನ ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇವರನ್ನು ದಾಟಿ ನೇರ ನನ್ನ ಹತ್ತಿರ ಬಂದು, ನನ್ನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿದರು. ಶಾಸ್ತ್ರ ಹೇಳುತ್ತಾರೇನೋ ಎಂದುಕೊಂಡೆ. “ಇವೇ ಅಲ್ಲವೇ ಆ ಕೈಗಳು” ಎಂದರು. ನನ್ನ ಕೈ ಹಿಡಿದಿದ್ದ ಅವರ ಕೈಗಳು ಒಂದೇ ಸಮನೆ ನಡುಗುತ್ತಿದ್ದವು. ಚಳಿಗೆ ಎಂದುಕೊಂಡೆ.

ಕೋಳಿಮನೆ

ಮನೆಗೆ ಬಂದು ಟೀ ಕೊಟ್ಟಾಗ ಕಪ್ಪು ಸಾಸರಿನ ಮೇಲೆ ಕಟಕಟ ಎಂದಿತು. ಆಗ ಗೊತ್ತಾಯಿತು ಅದು ಚಳಿಯಲ್ಲ, ಕಾಯಿಲೆ ಎಂದು. ಎಡ್ನಾ ಮುಚ್ಚುಮರೆಯಿಲ್ಲದೆ ಹೇಳಿದರು. ಹಿತ್ತಲಿನ ದೂರದರ್ಶಕವನ್ನು ಮಾಡಿದ್ದು ಅವರ ಗಂಡ ಹ್ಯಾರಿ. ಆತ ಫಿಲಮ್ಮಿನ ಕೆಲಸ ನೋಡಿಕೊಂಡರೆ ಈಕೆ ಎಳೆಯ ಮೇಲೆ ನಕ್ಷತ್ರ ಹಿಡಿಯುತ್ತಿದ್ದರು. ಕ್ಯಾರಿನಾ ನೀಹಾರಿಕೆಗೆ ಒಂದೂವರೆ ಗಂಟೆ ಬೆಳಕು ಉಣ್ಣಿಸಿದ ಒಂದು ಚಿತ್ರ ತೆಗೆಯಬೇಕು ಎಂಬುದು ಇಬ್ಬರ ಆಸೆ. ಅದಾಗುವ ಮುಂಚೆ ಹ್ಯಾರಿ ತೀರಿಕೊಂಡರು. ಆಮೇಲೆ ಈಕೆಗೆ ಕೈ ನಡುಕ ಶುರುವಾಯಿತು. “ಮೋಟಾರು ಇದೆ. ಆದರೆ ಅದರ ಹಲ್ಲು ಸವೆದಿದೆ, ನನ್ನ ಹಾಗೆ. ಕೈ ಹಾಕಿ ತಿದ್ದುತ್ತಿರಬೇಕು” ಎಂದು ನಕ್ಕರು. ನಾವು ಬಂದದ್ದು ಬರೀ ನೋಡಿ ಹೋಗಲಿಕ್ಕಲ್ಲ ಎಂದು ನನಗೆ ಆಗ ಅರ್ಥವಾಯಿತು.

ದೂರದರ್ಶಕ ಇದ್ದದ್ದು ಹಳೆಯ ಕೋಳಿಮನೆಯಲ್ಲಿ. ಮಾಡಿನ ತಗಡಿಗೆ ಗಾಲಿ ಹಾಕಿ, ಹಳಿಯ ಮೇಲೆ ತಳ್ಳಿದರೆ ಪೂರ್ತಿ ಪಕ್ಕಕ್ಕೆ ಸರಿಯುವ ಹಾಗೆ ಮಾಡಿದ್ದರು. ಇವರು ಅದನ್ನು ಮೂರು ಸಲ ತೆಗೆದು, ಮೂರು ಸಲ ಮುಚ್ಚಿ, ತಾವೇ ಕಟ್ಟಿಸಿದವರ ಹಾಗೆ ನನ್ನ ಮುಖ ನೋಡಿದರು.

ಅಲ್ಲಿ ಆಗ ಚಳಿಗಾಲದ ಬಾಗಿಲು, ಐದೂವರೆಗೇ ಸಂಜೆ. ಕತ್ತಲಾಗುತ್ತಿದ್ದ ಹಾಗೆ ನಾನು ಪಶ್ಚಿಮಕ್ಕೆ ನೋಡಿದೆ. ನಮ್ಮ ತಾರಸಿಯ ಮೇಲೆ ನೆಟ್ಟಗೆ ನಿಲ್ಲುವ ಬೇಟೆಗಾರ ಮಹಾವ್ಯಾಧ ಅಲ್ಲಿ ಕಾಲು ಮೇಲೆ ಮಾಡಿ, ತಲೆ ಕೆಳಗೆ ಹಾಕಿ, ಬಾವಿಗೆ ಧುಮುಕುವ ಹುಡುಗನಂತೆ ಮುಳುಗುತ್ತಿದ್ದ! ಅದನ್ನು ನೋಡಿ ನಗುತ್ತಿರುವಾಗಲೇ ಇನ್ನೊಂದು ಕಂಡಿತು. ನೈರುತ್ಯದಲ್ಲಿ ಬೆಳ್ಳನೆಯ ಒಂದು ತುಂಡು ಮೋಡ. ನಾನು ಗಾಬರಿಯಾಗಿ, “ರೀ, ಮೋಡ ಬಂತು, ಮಾಡು ಎಳೀರಿ!” ಎಂದು ಕೂಗಿದೆ. ಇವರು ಓಡಿಬಂದು ಮಾಡಿಗೆ ಕೈಹಾಕಿದರು. ಎಡ್ನಾ ಹೊಟ್ಟೆ ಹಿಡಿದುಕೊಂಡು ಕೋಳಿಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅದು ಮಳೆಯ ಮೋಡವಲ್ಲವಂತೆ, ಕೋಟಿಗಟ್ಟಲೆ ನಕ್ಷತ್ರಗಳಿರುವ ಬೇರೊಂದು ಚಿಕ್ಕ ಗ್ಯಾಲಕ್ಸಿಯಂತೆ. “ಅದು ಸುರಿಯುವುದಿಲ್ಲ ಗಿರಿಜಾ, ಹೆದರಬೇಡ” ಎಂದರು.

ಆಮೇಲೆ ಕ್ಯಾರಿನಾ. ಕಣ್ಣಿಟ್ಟೆ. ಬೂದುಬಣ್ಣದ ಬೆಳಕು ಕಣ್ಣಿನ ತುಂಬ ಹರಡಿತ್ತು, ನಡುವೆ ಕಪ್ಪು ಕಾಲುವೆಗಳು ಹರಿದು ಅದನ್ನು ಪಾತಿ ಪಾತಿ ಮಾಡಿದ್ದವು. ಇಷ್ಟು ವರ್ಷ ಗರಿಯ ಸಂದಿಯಲ್ಲಿ ಒಂದು ಚೂರು ಇಣುಕಿದ್ದು ಇದೇನಾ! ನನಗೆ ಗೊತ್ತಿಲ್ಲದೆ ನನ್ನ ಬಾಯಿಂದ ಒಂದು ಶಿಳ್ಳೆ ಬಂತು. ಮದುವೆಯಾದಾಗಿನಿಂದ ನಾನು ಶಿಳ್ಳೆ ಹಾಕಿರಲಿಲ್ಲ. “ನಿಂಗೆ ಶಿಳ್ಳೆ ಬರುತ್ತಾ?” ಎಂದು ಇವರು ಬೆರಗಾದರು.

ಕೆನ್ ಮನೆಯ ಟೀ

ಪಕ್ಕದ ಹೊಲದ ಕೆನ್ ಕುರಿ ಸಾಕುವವನು. ಪಕ್ಕದ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಊರಿನ ದೂರ. ಅವನ ಕೊಟ್ಟಿಗೆಯ ನೆತ್ತಿಯಲ್ಲಿ ಒಂದು ದೊಡ್ಡ ದೀಪ, ಹೊತ್ತಿಸಿದರೆ ಎಡ್ನಾ ಹಿತ್ತಲಿಗೇ ಹಗಲು. ಅವನು ನಮ್ಮನ್ನು ಆರು ಗಂಟೆಗೆ ಟೀಗೆ ಕರೆದ. ಬರೀ ಟೀ ತಾನೆ ಎಂದು ಎಡ್ನಾರ ಅಡುಗೆಮನೆಯಲ್ಲಿ ಐದಕ್ಕೇ ಅನ್ನ, ಸಾರು ಮಾಡಿಕೊಂಡು ಇಬ್ಬರೂ ಹೊಟ್ಟೆತುಂಬ ಉಂಡು ಹೋದೆವು. ಅಲ್ಲಿ ನೋಡಿದರೆ ಮೇಜಿನ ನಡುವೆ ಕುರಿಯ ಇಡೀ ತೊಡೆ! ಅವರಿಗೆ ಟೀ ಎಂದರೆ ರಾತ್ರಿಯೂಟವಂತೆ. ಮಾಂಸ ತಿನ್ನುವವರಲ್ಲ ಎಂದು ಹೇಳಿದಾಗ ಕೆನ್ ಹೆಂಡತಿ ನೊಂದುಕೊಂಡು, ಓಡಾಡಿ, ಒಂದು ಬೋಗುಣಿ ಆಲೂಗೆಡ್ಡೆ, ಒಂದು ಬೋಗುಣಿ ಬಟಾಣಿ ತಂದಿಟ್ಟಳು. ಅವಳ ಮುಖ ನೋಡಿ ಬೇಡವೆನ್ನಲಾಗಲಿಲ್ಲ. ಇವರು ಬೆಲ್ಟನ್ನು ಎರಡು ತೂತು ಸಡಿಲಿಸಿ, ನನ್ನ ಕಿವಿಯಲ್ಲಿ, “ದೀಪ ಆರ್ಸೋಕೆ ಒಪ್ಪಿಸ್ಬೇಕು ಕಣೇ, ಉಣ್ಣು” ಎಂದರು. ಉಂಡೆವು. ಕೆನ್ ಒಪ್ಪಿದ. ಕೋಳಿಮನೆಯ ಮಾಡು ತೆರೆದಿರುವ ತನಕ ದೀಪ ಹಾಕುವುದಿಲ್ಲ ಎಂದು ಮಾತು ಕೊಟ್ಟ.

ಮೊದಲ ಫಿಲಮ್ಮು

ಬೇಗ ಬೆಳಕು ಹಿಡಿಯಲೆಂದು ಅನಿಲದಲ್ಲಿ ಹದ ಮಾಡಿದ ವಿಶೇಷ ಫಿಲಮ್ಮು ಎಡ್ನಾ ಹತ್ತಿರ ಎರಡೇ ಎರಡಿದ್ದವು. ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟಿದ್ದರು. ಹದ ಮಾಡಿಕೊಡುವವರು ದೂರದ ನಗರದಲ್ಲಿದ್ದುದರಿಂದ ಇನ್ನೊಂದು ತರಿಸುವಷ್ಟು ದಿನ ನಮಗಿರಲಿಲ್ಲ.

ಮೊದಲನೆಯದನ್ನು ಅಮಾವಾಸ್ಯೆಯ ಸಂಜೆಯೇ ಹಾಕಿದೆವು. ನಾನು ಚಿಕ್ಕ ಕೊಳವೆಗೆ ಕಣ್ಣಿಟ್ಟು ಕೂತೆ. ಎಳೆಗಳು ನಿಜವಾದ ಜೇಡದ ನೂಲೇ ಅಂತೆ, ಹ್ಯಾರಿ ಇದೇ ಕೋಳಿಮನೆಯ ಮೂಲೆಯಿಂದ ಬಿಡಿಸಿಕೊಂಡದ್ದು. ಹತ್ತು ನಿಮಿಷದಲ್ಲಿ ಆ ಮೋಟಾರಿನ ಸ್ವಭಾವ ಗೊತ್ತಾಯಿತು. ಎಂಟು ನಿಮಿಷಕ್ಕೊಮ್ಮೆ ನಕ್ಷತ್ರವನ್ನು ಬಲಕ್ಕೆ ತಳ್ಳುವುದು, ಆಮೇಲೆ ತಪ್ಪಾಯಿತು ಎನ್ನುವ ಹಾಗೆ ಎಡಕ್ಕೆ ಬಿಡುವುದು. ಅದು ತಳ್ಳುವ ಮುಂಚೆಯೇ ನಾನು ಚಕ್ರಕ್ಕೆ ಒಂದು ಕೂದಲೆಳೆಯಷ್ಟು ತಿರುವು ಕೊಡುತ್ತಿದ್ದೆ. ಗಂಟೆ ಉರುಳಿತು. ಇವರು ಮುಂದುಗಡೆ ಗಡಿಯಾರ ಕಾಯುತ್ತಾ ನಿಂತಿದ್ದರು.

ಆಗ ಇವರ ಕಾಲ ಮೇಲೆ ಏನೋ ಹತ್ತಿತು. “ಅಯ್ಯಯ್ಯಪ್ಪೋ! ಏನ್ಲಾ ಇದು!” ಎಂಬ ಕೂಗು, ಅದರ ಹಿಂದೆಯೇ ಮೂರು ಸೆಲ್ಲಿನ ಟಾರ್ಚಿನ ಬೆಳಕು. ಬೆಕ್ಕಿನಷ್ಟು ದೊಡ್ಡ, ದುಂಡು ಕಣ್ಣಿನ, ಪೊದೆ ಬಾಲದ ಪಾಸಮ್ ಎಂಬ ಪ್ರಾಣಿ ಇವರ ಬೂಟಿನ ಮೇಲೆ ಕೂತು ಇವರನ್ನೇ ನೋಡುತ್ತಿತ್ತು. ಬೆದರಿ ಕೈಯೆತ್ತಿದ ಇವರು ಟಾರ್ಚನ್ನು ಹಿಡಿದದ್ದು ನೇರ ದೂರದರ್ಶಕದ ಬಾಯೊಳಕ್ಕೆ. ಇಪ್ಪತ್ತು ವರ್ಷ ಡಾರ್ಕ್‌ರೂಮಿನಲ್ಲಿ ಒಂದು ಫಿಲಮ್ಮನ್ನೂ ಕೆಡಿಸದ ಮನುಷ್ಯ!

ಇವರು ಕತ್ತಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು. ಪಾಸಮ್ ನಿಧಾನವಾಗಿ ಇಳಿದು ಹೋಯಿತು. ಎಡ್ನಾ ಮೊದಲು ಮಾತಾಡಿದರು. “ಅದು ಹ್ಯಾರಿಯ ಬೂಟಿನ ಮೇಲೂ ಕೂರುತ್ತಿತ್ತು. ಹ್ಯಾರಿಯ ಮೂರು ಫಿಲಮ್ಮು ಕೆಡಿಸಿದೆ. ನಿಮ್ಮದು ಒಂದೇ.” ಆಕೆ ನಕ್ಕರು, ನಾನು ನಕ್ಕೆ. ಇವರು ನಗಲಿಲ್ಲ. ಹಾಸಿಗೆಗೆ ಹೋದ ಮೇಲೂ, “ಆ ಅಮ್ಮಂಗೆ ಎಷ್ಟು ವರ್ಷದ ಆಸೆ. ಹಾಳುಮಾಡ್ಬುಟ್ನಲ್ಲೇ” ಎನ್ನುತ್ತಿದ್ದರು. ಕಾಜಾ ಹಾಕುವಾಗ ನೂಲು ಕಿತ್ತರೆ ಬಿಚ್ಚಿ ಮತ್ತೆ ಹಾಕುವುದು ತಾನೆ ಎಂದೆ. ಹಾಗೆಂದವಳಿಗೂ ನಿದ್ದೆ ಬರಲಿಲ್ಲ.

ಮಾರನೆಯ ದಿನದಿಂದ ನಿಜವಾದ ಮೋಡ. ಮೂರು ದಿನ ಬಿಡದೆ ಜಿನುಗಿತು.

ಕೊನೆಯ ಸಂಜೆ

ಹೊರಡುವ ಹಿಂದಿನ ದಿನ ನಾಲ್ಕು ಗಂಟೆಗೆ ಗಾಳಿ ತಿರುಗಿತು. ಆರಕ್ಕೆ ಆಕಾಶ ತೊಳೆದಿಟ್ಟ ಕಲ್ಲಿನ ಹಾಗಿತ್ತು. ಎಳೆ ಚಂದ್ರ ಆಗಲೇ ಪಶ್ಚಿಮಕ್ಕೆ ಇಳಿದಿದ್ದ, ಅವನು ಮುಳುಗುವುದನ್ನು ಕಾದು ಶುರುಮಾಡಬೇಕಿತ್ತು. ಎಡ್ನಾ ತಮ್ಮ ದಾಖಲೆ ಪುಸ್ತಕ ತೆಗೆದು, ನಡುಗುವ ಅಕ್ಷರದಲ್ಲಿ ಬರೆದು ನನಗೆ ತೋರಿಸಿದರು. ‘ಫಿಲಮ್ಮು’ ಎಂಬಲ್ಲಿ ಇವರ ಹೆಸರು. ‘ನಕ್ಷತ್ರ ಹಿಡಿದವರು’ ಎಂಬಲ್ಲಿ ಗಿರಿಜಾ, ತಿಪಟೂರು. ಇವರು ಅದನ್ನು ಓದಿ, “ಅಲ್ಲೂ ಹಂಗೇ ಬರೀಬೇಕಿತ್ತು ಕಣೇ, ನಮ್ಮ ಫೋಟೋಗೆ” ಎಂದರು. ಇಷ್ಟು ಹೇಳಲು ಈ ಮನುಷ್ಯನಿಗೆ ಒಂದೂವರೆ ವರ್ಷ ಹಿಡಿಯಿತು! ಆದರೂ ಹಿಡಿಸಲಾರದಷ್ಟು ಖುಷಿಯಾಯಿತು.

ಪಾಸಮ್ಮಿಗೆ ಅಡುಗೆಮನೆಯ ಹಿಂದೆ ಎರಡು ಸೇಬು ಇಟ್ಟು, ಟಾರ್ಚನ್ನು ಮನೆಯೊಳಗೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಬಂದೆವು. ಇವರು ಆವತ್ತು ಶುಭಕ್ಕಿರಲಿ ಎಂದು ಪ್ಯಾಂಟು ಬಿಟ್ಟು ಬಿಳಿ ಪಂಚೆ ಉಟ್ಟಿದ್ದರು, ಮೇಲೆ ಮಂಕಿ ಕ್ಯಾಪು.

ಶುರುವಾಯಿತು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಕಾಲು ಜೋಮು ಹಿಡಿಯಿತು. ಕಣ್ಣಲ್ಲಿ ನೀರು ಸುರಿದರೂ ಮಿಟುಕಿಸಿ ಮಿಟುಕಿಸಿ ನೋಡಿದೆ. ನಕ್ಷತ್ರ ಎಳೆಯ ಮೇಲೆ ಕೂತೇ ಇತ್ತು. ಐವತ್ತನೇ ನಿಮಿಷಕ್ಕೆ ಕೋಳಿಮನೆಯ ಒಳಗೆಲ್ಲ ಬೆಳಗಾಯಿತು.

ಪೇಟೆಯಿಂದ ಬಂದ ಕೆನ್ ಮರೆತು ದೀಪ ಹಾಕಿದ್ದ.

“ಗಿರಿಜಾ, ಕಣ್ಣು ತೆಗೆಯಬೇಡ!” ಎಂದರು ಎಡ್ನಾ. ತಲೆಯ ಟೋಪಿ ತೆಗೆದು, ಎರಡೂ ಕೈಯಲ್ಲಿ ಹಿಡಿದು, ದೊಡ್ಡ ಕೊಳವೆಯ ಬಾಯಿಗೆ ತಾಗದ ಹಾಗೆ ಅಡ್ಡ ಇಟ್ಟರು. ಫಿಲಮ್ಮಿಗೆ ಬೆಳಕು ಹೋಗುವುದು ನಿಂತಿತು. ನನ್ನ ಚಿಕ್ಕ ಕೊಳವೆ ಬೇರೆಯದಾದ್ದರಿಂದ ನಾನು ನಕ್ಷತ್ರ ಬಿಡಬೇಕಾಗಿರಲಿಲ್ಲ. ಎಡ್ನಾ ಕೈ ನಡುಗುತ್ತಲೇ ಇತ್ತು, ಟೋಪಿಯೂ ನಡುಗುತ್ತಿತ್ತು. ಆದರೆ ಟೋಪಿ ನಡುಗಿದರೆ ಏನೂ ಕೆಡುವುದಿಲ್ಲ. “ನೋಡು, ನನಗೂ ಒಂದು ಕೆಲಸ ಸಿಕ್ಕಿತು” ಎಂದರು.

“ನಾನ್ ಹೋಗಿ ಆರಿಸ್ಕಂಡು ಬತ್ತೀನಿ!” ಎನ್ನುತ್ತಾ ಇವರು ಓಡಿದರು. ಮುಂದಿನದನ್ನು ನಾನು ಬರೀ ಕಿವಿಯಿಂದ ಕಂಡೆ. ಮೊದಲು ಧಪಧಪ ಹೆಜ್ಜೆ. ಆಮೇಲೆ ಮುಳ್ಳುತಂತಿ ಝಣ್ಣೆಂದಿತು, ಬಟ್ಟೆ ಪರ್ರೆಂದಿತು. ನೂರಾರು ಕುರಿ ಒಟ್ಟಿಗೆ ಅರಚಿದವು. ನಾಯಿ ಬೊಗಳಿತು. ಕೊನೆಗೆ ಕೆನ್‌ನ ಒಂದು ಚೀರಾಟ. ಬೆಳ್ಳನೆಯದೊಂದು ಆಕೃತಿ, ಮುಖವೇ ಇಲ್ಲದ ತಲೆ ಹೊತ್ತು, “ಲೈಟ್! ಲೈಟ್!” ಎಂದು ಕೂಗುತ್ತಾ ಕುರಿಗಳ ನಡುವೆ ಹಾರಿ ಬರುವುದನ್ನು ಕಂಡರೆ ಯಾರು ತಾನೆ ಚೀರುವುದಿಲ್ಲ!

ನನಗೆ ನಗು ಒತ್ತರಿಸಿ ಬಂತು. ನಕ್ಕರೆ ಕೈ ಅಲುಗುತ್ತದೆ. ತುಟಿ ಕಚ್ಚಿದೆ. ಹೊಟ್ಟೆಯೊಳಗೆ ನಗು ಕುದಿಯುತ್ತಿದೆ, ಬೆರಳು ಮಾತ್ರ ಕಲ್ಲು. ಟೋಪಿ ಹಿಡಿದ ಎಡ್ನಾ ಕೂಡ ಬಿಕ್ಕುತ್ತಾ, “ನಗಬೇಡ, ನಗಬೇಡ” ಎಂದು ನನಗೆ ಹೇಳುತ್ತಾ ತಾವೇ ನಗುತ್ತಿದ್ದರು. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ.

ದೀಪ ಆರಿತು. ಕತ್ತಲು ನೆಟ್ಟಗಾಗುವ ತನಕ ಕಾದು ಎಡ್ನಾ ಟೋಪಿ ತೆಗೆದರು. ಮತ್ತೆ ನಲವತ್ತು ನಿಮಿಷ. ಇವರು ಅರ್ಧ ಪಂಚೆಯಲ್ಲಿ ವಾಪಸು ಬಂದರು, ಉಳಿದರ್ಧ ತಂತಿಯ ಮೇಲಿತ್ತು. ಹಿಂದೆಯೇ ಕೆನ್ ಬಂದ. ಕ್ಷಮೆ ಕೇಳಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಚರ್ಚಿನಲ್ಲಿ ನಿಂತವನಂತೆ ಮೂಲೆಯಲ್ಲಿ ಕೊನೆಯ ತನಕ ನಿಂತಿದ್ದ. “ಆಯಿತು” ಎಂದು ಎಡ್ನಾ ಅಂದಾಗ ಚಕ್ರ ಬಿಡಲು ನನಗೆ ಬರಲಿಲ್ಲ, ಬೆರಳು ಮಡಿಸಿದಂತೆಯೇ ಗಟ್ಟಿಯಾಗಿದ್ದವು. ಇವರು ಒಂದೊಂದನ್ನೇ ಬಿಡಿಸಿ, ಉಜ್ಜಿ, ಬಿಸಿ ಮಾಡಿದರು.

ಬಟ್ಟೆ ಒಗೆಯುವ ಕೋಣೆ

ಫಿಲಮ್ಮು ತೊಳೆಯುವ ಸರದಿ ಇವರದು. ನಮ್ಮೂರಲ್ಲಿ ಡೆವಲಪರ್ ತಣ್ಣಗಾಗಲು ಸೋಡಾ ಅಂಗಡಿಯಿಂದ ಐಸು ತರಬೇಕು. ಇಲ್ಲಿ ನಲ್ಲಿಯ ನೀರೇ ಐಸು, ಕೆಟಲಿನಲ್ಲಿ ಕಾಯಿಸಿ ಬೆರೆಸಿದರು. ಎಡ್ನಾರ ಬಟ್ಟೆ ಒಗೆಯುವ ಕೋಣೆಯ ಬಾಗಿಲ ಸಂದಿಗೆಲ್ಲ ಟವೆಲು ತುರುಕಿ ಒಳಗೆ ಸೇರಿಕೊಂಡರು. ನಾವು ಮೂವರು ಹೊರಗೆ ಪ್ಯಾಸೇಜಿನಲ್ಲಿ ನಿಂತೆವು. ಹೆರಿಗೆ ಕೋಣೆಯ ಹೊರಗೆ ನಿಂತ ನೆಂಟರ ಹಾಗೆ. ಕೆನ್ ಉಗುರು ಕಚ್ಚುತ್ತಿದ್ದ.

ಬಾಗಿಲು ತೆರೆಯಿತು. ತೊಟ್ಟಿಕ್ಕುವ ಫಿಲಮ್ಮನ್ನು ಎತ್ತಿ ಹಿಡಿದು ಇವರು ಸುಮ್ಮನೆ ನಿಂತಿದ್ದರು. ಕೆಟ್ಟಿತೇನೋ ಎಂದುಕೊಂಡೆ. ಎಡ್ನಾ ಭೂತಗನ್ನಡಿ ತೆಗೆದುಕೊಂಡರು. ಕೈ ನಡುಗಿ ಹಿಡಿಯಲಾಗಲಿಲ್ಲ. ನಾನು ಅವರ ಕಣ್ಣಿಗೆ ಹಿಡಿದುಕೊಟ್ಟೆ. ಮೂಲೆಯಿಂದ ಮೂಲೆಗೆ ಒಂದೊಂದೇ ನಕ್ಷತ್ರ ನೋಡಿದರು. ಎಷ್ಟು ಹೊತ್ತೋ.

“ದುಂಡಗಿವೆ” ಎಂದರು. “ಎಲ್ಲವೂ ದುಂಡಗಿವೆ ಗಿರಿಜಾ.”

ಆಮೇಲೆ ನನ್ನನ್ನು ತಬ್ಬಿಕೊಂಡು ಆ ಚಿಕ್ಕ ಪ್ಯಾಸೇಜಿನಲ್ಲಿ ಗಿರಗಿರ ತಿರುಗಿಸಿದರು. ನನ್ನ ಸೆರಗು ಕೆನ್ ಮುಖಕ್ಕೆ ಹೊಡೆಯಿತು. ಇವರು ಅರ್ಧ ಪಂಚೆಯಲ್ಲಿ, ಕೈಯಲ್ಲಿ ಹಸಿ ಫಿಲಮ್ಮು ಹಿಡಿದು, ಅಳುತ್ತಾ ನಗುತ್ತಾ ನಿಂತಿದ್ದರು.

ಮತ್ತೆ ತಿಪಟೂರು

ಆ ಚಿತ್ರವನ್ನು ದೊಡ್ಡದು ಮಾಡಿ, ಗಾಜಿನ ಚೌಕಟ್ಟು ಹಾಕಿಸಿ, ಸ್ಟುಡಿಯೋದ ಮುಂದಿನ ಕಿಟಕಿಯಲ್ಲಿ ಮದುವೆ ಜೋಡಿಗಳ ನಡುವೆ ಇಟ್ಟರು. ಇದು ಯಾರ ಎಕ್ಸ್‌ರೇ ಎಂದು ಕೇಳಿದವರುಂಟು. ದಬ್ಬೇಘಟ್ಟದಿಂದ ಬಂದಿದ್ದ ಒಬ್ಬರು ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ನೋಡಿ, “ಹಾಲು ಒಡೆದಂಗೈತೆ” ಎಂದು ಹೋದರು.

ಒಂದು ದಿನ ನಮ್ಮತ್ತೆಯೇ ಬಂದರು. ಕನ್ನಡಕ ಹಾಕಿಕೊಂಡು ಗಾಜಿಗೆ ಮೂಗು ತಾಗಿಸಿ ನೋಡಿದರು.

“ಇದಾ ನೀವ್ ಅಮಾಸೆಗೆ ಹೋಗಿ ತಂದಿದ್ದು?”

“ಹೂಂ ಅತ್ತೆ.”

“ಚೆಂದಾಗೈತೆ ಬುಡು. ಒಳಗೆ ಏನೈತೆ?”

“ಹೊಸ ನಕ್ಷತ್ರ ಹುಟ್ತವಂತೆ ಅತ್ತೆ, ಈ ಮೋಡದೊಳಗೆ. ಇನ್ನೂ ಹುಟ್ತಾನೇ ಅವೆ.”

ನಮ್ಮತ್ತೆ ಕನ್ನಡಕ ತೆಗೆದರು. “ಹುಟ್ತಾ ಇರೋ ಕೂಸುಗಳ ಫೋಟೋವ ಹಿಂಗಾ ಬೀದಿಗೆ ಇಡೋದು? ಹೋಗ್ ಬರೋರ ಕಣ್ಣು ಬೀಳಾಕಿಲ್ವೇನೇ?” ಎಂದು ಸರಸರ ಮನೆಗೆ ಹೋಗಿ, ಕಾಡಿಗೆ ಡಬ್ಬಿ ತಂದು, ಗಾಜಿನ ಬಲಮೂಲೆಯಲ್ಲಿ ದಪ್ಪಗೆ ಒಂದು ದೃಷ್ಟಿಬೊಟ್ಟು ಇಟ್ಟರು.

ಮೊನ್ನೆ ಮೈಸೂರಿನಿಂದ ಕಾಲೇಜಿನ ಮೇಷ್ಟರೊಬ್ಬರು ಈ ಚಿತ್ರ ನೋಡಲೆಂದೇ ಬಂದಿದ್ದರು. ನಕ್ಷೆಯ ಪುಸ್ತಕವನ್ನೂ ತಂದಿದ್ದರು. ಹೊರಗೆ ನಿಂತು ಪುಸ್ತಕ ನೋಡುವರು, ಚಿತ್ರ ನೋಡುವರು, ಮತ್ತೆ ಪುಸ್ತಕ ತಿರುವುವರು. ಕೊನೆಗೆ ಒಳಗೆ ಬಂದು ಗಂಭೀರವಾಗಿ ಕೇಳಿದರು. “ಬಲಗಡೆ ಆ ಕಪ್ಪು ನೀಹಾರಿಕೆ ಇದೆಯಲ್ಲ, ದುಂಡಗೆ, ಅದು ಯಾವ ನಕ್ಷೆಯಲ್ಲೂ ಸಿಗ್ತಾ ಇಲ್ಲವಲ್ಲ?”

ಇವರು ಕ್ಯಾಮೆರಾ ಒರೆಸುತ್ತಾ ತಲೆಯೆತ್ತದೆ ಹೇಳಿದರು.

“ಅದು ನಮ್ಮಮ್ಮ ಇಟ್ಟಿರೋದು ಸಾರ್. ಒರೆಸಂಗಿಲ್ಲ.”